ಪ್ರವಾದಿಗಳ ಪರ ವಕೀಲರು

ಪ್ರಾಯದಲ್ಲೇ ನಂಬಿಕೆ ಬಿಟ್ಟು ಚರ್ಚಿನ ಬಾಗಿಲು ದಾಟಿ ಹೊರಬಂದ ನನ್ನ ಬಾಯಿಂದ ಮತ್ತೊಮ್ಮೆ ‘ಆಮೆನ್’ ಹೊರಡಿಸಬಲ್ಲ ಗಂಡು ಈ ಭೂಮಂಡಲದಲ್ಲಿ ಹುಟ್ಟಿಲ್ಲ. ನನ್ನ ಅಕ್ಕನ ಗಂಡ, ವಕೀಲರು, ಅರ್ಧ ಆಯುಷ್ಯ ಸವೆಸಿ ನೋಡಿದರು.

ಕರಿಕೋಟು ತೊಡದೆ ಅವರು ದೇವರ ಪರವಾಗಿ ತುಟಿ ಬಿಚ್ಚುತ್ತಿರಲಿಲ್ಲ. ಊಟದ ನಡುವೆ ಕೆಣಕಿದರೂ ಎದ್ದು, ಕೈತೊಳೆದು, ಮೊಳೆಯ ಮೇಲಿನ ಕೋಟನ್ನು ಏರಿಸಿಕೊಂಡೇ ವಾದಕ್ಕೆ ನಿಲ್ಲುತ್ತಿದ್ದರು. ಅದು ನೋಹನ ನಾವೆಯಿಂದ ಇಳಿದ ಕೋಟು. ಸವೆದ ಮೊಣಕೈಯ ಮಿರುಗಿನಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು. ಬೈಬಲಿನ ಪ್ರವಾದಿ ದಾನಿಯೇಲನು ಅರ್ಥ ಬಿಡಿಸಿದ ಅರಸನ ಕನಸಿನ ಪ್ರತಿಮೆಯನ್ನು ತಮ್ಮ ಮೈಮೇಲೆಯೇ ವಿವರಿಸುತ್ತಿದ್ದರು: ಬೋಳುತಲೆ ಸವರಿ ಬಂಗಾರ, ಎದೆ ತಟ್ಟಿ ಬೆಳ್ಳಿ, ಹೊಟ್ಟೆ ಬಾರಿಸಿ ಕಂಚು, ಮೊಣಕಾಲು ಚಪ್ಪರಿಸಿ ಕಬ್ಬಿಣ, ಲೋಹಕ್ಕೊಂದರಂತೆ ಸಾಮ್ರಾಜ್ಯಗಳೆಲ್ಲ ಇಳಿದು ಜೇಡಿಮಣ್ಣು ಬೆರೆತ ಪಾದದಲ್ಲಿ ಕುಸಿಯುವಾಗ ಅವರು ನೆಲಕ್ಕೆ ಒದೆಯುವ ಸದ್ದಿಗೆ ಮೂರು ಬೀದಿಯಾಚೆಯ ತೊಟ್ಟಿಲ ಕೂಸು ಎದ್ದು ಅಳುತ್ತಿತ್ತು.

“ಹಾಗಾದ್ರೆ ಲೋಕ ಮುಗಿಯೋದು ಯಾವಾಗ, ಭಾವ? ಬಟ್ಟೆ ನೆನೆಹಾಕ್ಲೋ ಬೇಡ್ವೋ?”

“ತೀರ್ಪಿನ ದಿನ ನ್ಯಾಯಾಧೀಶರಿಗೆ ಗೊತ್ತು. ತಾರೀಖು ಹೇಳೋನು ವಕೀಲ ಅಲ್ಲ ಕಣಯ್ಯ, ದಲ್ಲಾಳಿ!”

ಅಕ್ಕನ ಹೃದಯಕ್ಕೆ ಶಸ್ತ್ರಚಿಕಿತ್ಸೆಯಾದ ದಿನ ಮಾತ್ರ ಅವರು ಕೋಟಿಲ್ಲದೆ ಆಸ್ಪತ್ರೆಗೆ ಬಂದರು. ಉಳಿಯುವುದು ಅರ್ಧಕ್ಕರ್ಧ ಎಂದಿದ್ದರು ವೈದ್ಯರು. ಕೆಣಕುವುದು ಬಿಟ್ಟು ಬೇರೆ ಕಸುಬು ಗೊತ್ತಿಲ್ಲದ ನನ್ನ ನಾಲಗೆ, “ರಾಜ್ಯಗಳ ಗತಿ ಹೇಳೋರು, ಆ ಬಾಗಿಲ ಹಿಂದೇನಾಗ್ತಿದೆ ಹೇಳಿ ಭಾವ,” ಎಂದಿತು.

ಅವರು ತಮ್ಮ ಪಾದಗಳನ್ನೇ ನೋಡಿದರು. “ಗೊತ್ತಿಲ್ಲ ಕಣೋ. ಇದೇ ಜೇಡಿಮಣ್ಣು. ನಿಲ್ಲೋಕಾಗ್ತಿಲ್ಲ, ಹಿಡ್ಕೋ.”

ಹಿಡಿದುಕೊಂಡೆ. ಅವರು ಕಣ್ಣು ಮುಚ್ಚಿದರು. “ಸ್ವಾಮಿ, ಇವತ್ತು ನನ್ನ ಹತ್ರ ವಾದ ಇಲ್ಲ. ಅವಳನ್ನ ಮನೆಗೆ ಕಳಿಸು.”

ಪಕ್ಕದಲ್ಲಿ ಯಾರೋ ಗೋಡೆ ಬಿರಿಯುವಂತೆ ‘ಆಮೆನ್’ ಎಂದರು. ದಾದಿ ಓಡಿಬಂದು ನನ್ನನ್ನು ಗದರಿದಳು.

ಸಂಜೆಗೆ ವೈದ್ಯರು ನಗುತ್ತ ಹೊರಬಂದಾಗ ನನ್ನ ಎದೆಯಿಂದ ಹತ್ತು ಆನೆಗಳು ಮರಿಗಳ ಸಮೇತ ಇಳಿದುಹೋದವು. ಎಚ್ಚರವಾದ ಅಕ್ಕನ ಮೊದಲ ಮಾತು: “ಇವ್ರಿಗೊಂದು ಕೋಟು ತಂದ್ಕೊಡೋ, ನೋಡೋಕಾಗಲ್ಲ.”

ವಿಶ್ವಾಸಕ್ಕೆ ವಕಾಲತ್ತು ವಹಿಸಿದವರ ಕುಲವೇ ಹೀಗೆ: ಯುಗಾಂತ್ಯದವರೆಗೆ ದೀಪ ಹಿಡಿಯುತ್ತಾರೆ, ಸ್ವಂತ ಹೊಸ್ತಿಲಲ್ಲಿ ತಡವರಿಸುತ್ತಾರೆ, ಅಲ್ಲಿಯೇ ಮೊಣಕಾಲೂರುತ್ತಾರೆ. ಅಕ್ಕ ಮನೆಗೆ ಬಂದ ದಿನ ಇದನ್ನೇ ಅವರಿಗೆ ಹೇಳಿ, “ಅಕ್ಕನ ನಾಳೆ ನಿಮಗೆ ಕಾಣಲಿಲ್ಲವಲ್ಲ, ಕೇಸು ಸೋತಿರಿ ಭಾವ,” ಎಂದೆ.

ಅವರು ಎದ್ದು, ಕೈತೊಳೆದು, ಕೋಟು ತೊಟ್ಟು, ಗುಂಡಿ ಹಾಕಿಕೊಂಡರು.

“ಸೋಲೋದೆಲ್ಲಿ ಬಂತು? ಎದುರು ಪಕ್ಷದ ವಕೀಲನೇ ಆಮೆನ್ ಅಂದ್ಮೇಲೆ ನಾನು ವಾದ ಮಾಡೋದೇನಿದೆ, ಕೂತ್ಕೋ!”