ಹನ್ನೊಂದು ಗಡಿಯಾರಗಳ ಓಟ

ಆ ಶಾಲೆಯ ಹನ್ನೊಂದು ಗಡಿಯಾರಗಳೂ ಎರಡು ವರ್ಷದಿಂದ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅಂಟಿಕೊಂಡು ಕೂತಿದ್ದವು. ಒಂದೊಂದೂ ಊಟದ ತಟ್ಟೆಗಿಂತ ದೊಡ್ಡದು. ಕಬ್ಬಿಣದ ಚೌಕಟ್ಟು, ದಪ್ಪ ಗಾಜು. ಅವುಗಳ ಹೊಟ್ಟೆಯಲ್ಲಿ ಕೀಲಿಯೂ ಇಲ್ಲ, ಸೆಲ್ಲೂ ಇಲ್ಲ. ಆಫೀಸಿನ ಹೊರಗೋಡೆಯ ಮರದ ಪೆಟ್ಟಿಗೆಯಲ್ಲಿ ಒಂದು ತಾಯಿ ಗಡಿಯಾರವಿತ್ತು. ಅದು ನಿಮಿಷಕ್ಕೊಮ್ಮೆ ಒಂದು ಜೊತೆ ತಂತಿಯಲ್ಲಿ ಎಲ್ಲ ಕೋಣೆಗಳಿಗೂ ಒಂದು ಚಿಟಿಕೆ ಕರೆಂಟು ಕಳಿಸುತ್ತಿತ್ತು, ಹನ್ನೊಂದು ಮುಳ್ಳುಗಳು ಒಟ್ಟಿಗೆ ಒಂದು ಹೆಜ್ಜೆ ಇಡುತ್ತಿದ್ದವು. ತಾಯಿ ಕೆಟ್ಟಿತು, ಮಕ್ಕಳು ನಿಂತವು. ರಿಪೇರಿಯವರು ಬಂದು ನೋಡಿ, ಇದರ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲ ಎಂದು ಕೈ ತೊಳೆದುಕೊಂಡು ಹೋಗಿದ್ದರು.

ಒಂದು ಶನಿವಾರದ ಮೀಟಿಂಗಿನಲ್ಲಿ ಹೆಡ್‌ಮಿಸ್ಟ್ರೆಸ್, ಅಂದರೆ ಎಲ್ಲರ ಬಾಯಲ್ಲೂ ದೊಡ್ಡಮೇಡಂ, ಹನ್ನೊಂದನ್ನೂ ಗುಜರಿಗೆ ಹಾಕುವುದಾಗಿ ಹೇಳಿದರು. ಮುಂದಿನ ಶನಿವಾರ ನಾಲ್ಕು ಗಂಟೆಗೆ ಗುಜರಿಯವನು ಬರುತ್ತಾನೆ, ಸೋಮವಾರ ಪ್ಲಾಸ್ಟಿಕ್ ಗಡಿಯಾರಗಳು ಬರುತ್ತವೆ. ಆಗ ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ ಕೇಳಿತು.

"ಮೇಡಂ, ನಾನೊಂದ್ಸಲ ನೋಡ್ಲಾ?"

ಎಲ್ಲರೂ ತಿರುಗಿ ನೋಡಿದರು. ಆರು ವರ್ಷದಿಂದ ಮೀಟಿಂಗಿನಲ್ಲಿ ಟೀ ಲೋಟ ಹಂಚಿದ್ದು ಬಿಟ್ಟರೆ ಬಾಯೇ ಬಿಡದ ಲ್ಯಾಬ್ ಅಟೆಂಡರ್. ಆಕೆ ಸಂಜೆ ತರಗತಿಗೆ ಹೋಗಿ ಎಲೆಕ್ಟ್ರಾನಿಕ್ಸ್ ಕಲಿಯುತ್ತಿದ್ದಾಳೆಂಬುದು ಅಲ್ಲಿ ಮೂರು ಜನಕ್ಕೆ ಗೊತ್ತಿತ್ತು. ಆ ತರಗತಿಯಲ್ಲಿ ಮಾತುಮಾತಿಗೂ ಡೌಟು ಕೇಳಿ ಕೇಳಿ ಅವಳಿಗೆ ಡೌಟಮ್ಮ ಎಂದು ಹೆಸರು ಬಿದ್ದಿದ್ದುದು ಅವಳ ಸೋದರಮಾವನಿಗೆ ಮಾತ್ರ ಗೊತ್ತಿತ್ತು. ಅವರು ಆ ಶಾಲೆಯಲ್ಲೇ ಮೂವತ್ತು ವರ್ಷದಿಂದ ಗಂಟೆ ಹೊಡೆಯುವ ಕೆಲಸದಲ್ಲಿದ್ದರು. ಅವರಿಗೆ ಗೊತ್ತಾದ ಮೇಲೆ ಶಾಲೆಗೆಲ್ಲ ಗೊತ್ತಾಯಿತು.

ದೊಡ್ಡಮೇಡಂ ಕನ್ನಡಕದ ಮೇಲಿಂದ ನೋಡಿ, ಸರಿ, ಶನಿವಾರ ನಾಲ್ಕರವರೆಗೆ ಸಮಯವಿದೆ, ನಡೆದರೆ ಇರಲಿ, ನಡೆಯದಿದ್ದರೆ ಹೋಗಲಿ ಅಂದರು. ಡೌಟಮ್ಮನಿಗೆ ಆ ಕ್ಷಣವೇ ಯಾಕಾದರೂ ಬಾಯಿ ತೆರೆದೆನೋ ಅನ್ನಿಸಿತು. ಆದರೆ ವಾರಕ್ಕೊಮ್ಮೆ ಆ ಹನ್ನೊಂದು ಗಾಜುಗಳನ್ನೂ ಒರೆಸುತ್ತಿದ್ದವಳು ಅವಳೇ. ಗಾಡಿಯ ಮೇಲೆ ಅವು ಒಂದರ ಮೇಲೊಂದು ಬಿದ್ದು ಒಡೆಯುವುದನ್ನು ನೆನೆಸಿಕೊಂಡರೆ ಅವಳ ಕೈ ತಾನಾಗಿಯೇ ಮುಷ್ಟಿ ಕಟ್ಟುತ್ತಿತ್ತು.

ಮಾರನೆಯ ದಿನವೇ ಅಂಗಡಿಯಿಂದ ಒಂದು ವೈಫೈ ಬೋರ್ಡು ತಂದಳು. ಎರಡು ಅಂಚೆಚೀಟಿಗಳನ್ನು ಪಕ್ಕದಲ್ಲಿಟ್ಟಷ್ಟು ಅಗಲ, ಒಂದು ಸಿನಿಮಾ ಟಿಕೆಟ್ಟಿನ ಬೆಲೆ. ಅದರ ಒಂದು ತುದಿಯಲ್ಲಿ ಚಿನ್ನದ ಬಣ್ಣದ ಗೆರೆಯೊಂದು ಅಂಕುಡೊಂಕಾಗಿ ಓಡಿತ್ತು. ಅದೇ ಆಂಟೆನಾ. ಇಷ್ಟು ಪುಟ್ಟ ಸಾಮಾನು ಗಾಳಿಯಲ್ಲಿ ತೇಲಿಬರುವ ಸಮಯವನ್ನು ಹಿಡಿದು, ಅದನ್ನು ಸೆಕೆಂಡಿನ ಲೆಕ್ಕದಲ್ಲಿ ಹೇಳುತ್ತದೆಂದರೆ ಅವಳಿಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು. ಬೋರ್ಡು ನಿಮಿಷಕ್ಕೊಮ್ಮೆ ಒಂದು ರಿಲೇಯನ್ನು, ಅಂದರೆ ಕರೆಂಟಿನಿಂದಲೇ ನಡೆಯುವ ಪುಟ್ಟ ಸ್ವಿಚ್ಚನ್ನು, ಒತ್ತಬೇಕು, ರಿಲೇ ಹಳೆಯ ಪೆಟ್ಟಿಗೆಯ ಕರೆಂಟನ್ನು ಗಡಿಯಾರಗಳ ತಂತಿಗೆ ಬಿಡಬೇಕು. ಅವಳ ಯೋಜನೆ ಇಷ್ಟೇ. ತಾಯಿ ಗಡಿಯಾರ ಸತ್ತಿದ್ದರೂ ಅದಕ್ಕೆ ಕರೆಂಟು ಕೊಡುತ್ತಿದ್ದ ಭಾಗ ಚೆನ್ನಾಗಿಯೇ ಇತ್ತು.

ಮನೆಗೆ ಗಡಿಯಾರ ಒಯ್ಯಲು ಧೈರ್ಯವಾಗಲಿಲ್ಲ, ಬಿದ್ದು ಒಡೆದರೆ? ಸಂಜೆ ತರಗತಿಯಲ್ಲಿ ಯಾವುದನ್ನು ಪರೀಕ್ಷೆ ಮಾಡಬೇಕಾದರೂ ತಂತಿಯ ತುದಿಗೆ ಬಲ್ಬು ಕಟ್ಟುತ್ತಿದ್ದರು. ಅವಳೂ ಅಡುಗೆಕಟ್ಟೆಯ ಮೇಲೆ ಒಂದು ಸಣ್ಣ ಬಲ್ಬು ಕಟ್ಟಿದಳು. ಬಲ್ಬು ನಿಮಿಷಕ್ಕೊಮ್ಮೆ ಮಿಣುಕಿತು. ಐದು ಸಂಜೆ, ಒಂದು ನಿಮಿಷವೂ ತಪ್ಪದೆ.

"ದೀಪ ಕಣ್ಣು ಹೊಡೆಯೋದಕ್ಕೆ ಇಷ್ಟೆಲ್ಲ ಓದ್ಬೇಕಿತ್ತಾ?" ಅಂತ ಅಮ್ಮ ಕೇಳಿದಳು.

ಶನಿವಾರ ಮಕ್ಕಳು ಹೋದ ಮೇಲೆ, ಹನ್ನೆರಡೂವರೆಗೆ, ಡೌಟಮ್ಮ ಮರದ ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿ ಕೂತಳು. ಪಕ್ಕದಲ್ಲಿ ಮಾವ ಗಂಟೆಯ ಕೆಳಗಿನ ತಮ್ಮ ಕುರ್ಚಿಯನ್ನೇ ಎಳೆದುಕೊಂಡು ಬಂದು ಕೂತರು. ಪೆಟ್ಟಿಗೆಯ ನೇರ ಮೇಲೆ ಕಾರಿಡಾರಿನ ಗಡಿಯಾರ. ಎರಡು ತಂತಿ ಸಿಕ್ಕಿಸಿದಳು. ಬೋರ್ಡಿನ ನೀಲಿ ದೀಪ ಮಿನುಗಿ, ಆಫೀಸಿನ ವೈಫೈ ಹಿಡಿಯಿತು. ಇಬ್ಬರೂ ಕತ್ತೆತ್ತಿ ಕಾದರು.

ಟಕ್.

ಎರಡು ವರ್ಷದ ಧೂಳು ಕೊಡವಿಕೊಂಡಂತೆ ಮುಳ್ಳು ನಡುಗಿ ಹತ್ತು ಇಪ್ಪತ್ತೊಂದಕ್ಕೆ ಹಾರಿತು. ಮಾವ ಎದ್ದು ನಿಂತರು. ಡೌಟಮ್ಮನ ಕಣ್ಣು ತುಂಬಿ ಬಂತು, ಆದರೂ ಇನ್ನೊಂದು ನಿಮಿಷ ನೋಡೋಣ ಅಂದಳು. ಒಂದು ನಿಮಿಷ ಕಳೆಯಿತು. ರಿಲೇ ಕ್ಲಿಕ್ಕೆಂದಿತು. ಮುಳ್ಳು ಅಲ್ಲಾಡಲಿಲ್ಲ. ಇನ್ನೊಂದು ನಿಮಿಷ. ಅಲ್ಲಾಡಲಿಲ್ಲ. ಐದು ನಿಮಿಷ ಕಾದರೂ ಅದು ಹತ್ತು ಇಪ್ಪತ್ತೊಂದರಲ್ಲೇ ಮುನಿಸಿಕೊಂಡು ನಿಂತಿತ್ತು.

"ಎರಡು ವರ್ಷಕ್ಕೆ ಒಂದು ನಿಮಿಷ," ಅಂದರು ಮಾವ. "ನಮ್ಮ ಪ್ರಮೋಷನ್ ಥರಾನೇ ಆಯ್ತು."

ಅವಳಿಗೆ ನಗು ಬರಲಿಲ್ಲ. ಬಲ್ಬು ಕಟ್ಟಿ ನೋಡಿದಳು, ಬಲ್ಬು ಮಿಣುಕಿತು. ಅಂದರೆ ಕರೆಂಟು ಬರುತ್ತಿದೆ. ಹಾಗಾದರೆ ಗಡಿಯಾರವೇ ಕೆಟ್ಟಿದೆಯೇ? ಇಲ್ಲ, ಒಮ್ಮೆ ಹಾರಿತಲ್ಲ. ತನ್ನ ಬೆಸುಗೆ ಸರಿಯಿಲ್ಲವೇನೋ ಎಂದು ಮೂರು ಕಡೆ ಬಿಚ್ಚಿ ಮತ್ತೆ ಬೆಸೆದಳು. ಬೋರ್ಡಿನ ಪ್ರೋಗ್ರಾಮನ್ನು ಸಾಲುಸಾಲಾಗಿ ಬೆರಳಿಟ್ಟು ಓದಿದಳು. ತರಗತಿಯ ಮೇಷ್ಟ್ರಿಗೆ ಫೋನ್ ಮಾಡೋಣವೆಂದುಕೊಂಡಳು, ಆದರೆ ಆ ವಾರದಲ್ಲಿ ಆಗಲೇ ನಾಲ್ಕು ಸಲ ಮಾಡಿ ಆಗಿತ್ತು. ಒಂದೂವರೆಯಾಯಿತು, ಎರಡಾಯಿತು. ಎರಡೂಕಾಲಿಗೆ ಗೇಟಿನ ಹತ್ತಿರ ತಳ್ಳುಗಾಡಿಯ ಸದ್ದು. ಗುಜರಿಯವನು ಬೇಗ ಬಂದುಬಿಟ್ಟಿದ್ದ, ಹೆಗಲ ಮೇಲೆ ಗೋಣಿಚೀಲ, ಕೈಯಲ್ಲಿ ಸ್ಕ್ರೂಡ್ರೈವರು. ಬಿಚ್ಚೋದಕ್ಕೆ ಟೈಮ್ ಹಿಡಿಯುತ್ತೆ, ಆ ಕಡೆ ಕೋಣೆಯಿಂದ ಶುರು ಮಾಡಲಾ ಎಂದು ಕೇಳಿದ.

ಮಾವ ಅವನನ್ನು ಕೈ ಹಿಡಿದು ಕರೆದುಕೊಂಡು ಹೋಗಿ, ಮೆಟ್ಟಿಲ ಮೇಲೆ ಕೂರಿಸಿ, ಟೀ ಕೊಟ್ಟು, ತಮ್ಮ ಮಂಡಿನೋವಿನ ಕತೆಯನ್ನು ಮೊದಲಿನಿಂದ ಹೇಳತೊಡಗಿದರು. ಆ ಕತೆಗೆ ಕನಿಷ್ಠ ಮುಕ್ಕಾಲು ಗಂಟೆ ಬೇಕೆಂದು ಶಾಲೆಗೆಲ್ಲ ಗೊತ್ತು.

ಇತ್ತ ಡೌಟಮ್ಮ ತಂತಿಗಳನ್ನು ಕೊನೆಯ ಸಲ ಕಿತ್ತು, ಮತ್ತೆ ಸಿಕ್ಕಿಸಿದಳು. ಯಾವ ತಂತಿ ಎಲ್ಲಿಗೆ ಎಂದು ನೋಡುವ ವ್ಯವಧಾನವೂ ಇರಲಿಲ್ಲ. ರಿಲೇ ಕ್ಲಿಕ್ಕೆಂದಿತು.

ಟಕ್. ಹತ್ತು ಇಪ್ಪತ್ತೆರಡು.

ಅವಳು ಇನ್ನೊಂದು ನಿಮಿಷ ಕಾದಳು. ರಿಲೇ ಕ್ಲಿಕ್ಕೆಂದಿತು, ಮುಳ್ಳು ಸುಮ್ಮನೆ ನಿಂತಿತು. ತಂತಿಗಳ ಕಡೆ ನೋಡಿದಳು. ಮೊದಲು ಕೆಂಪು ಮೇಲಿತ್ತು, ಈಗ ಕೆಳಗಿದೆ. ತಿರುಗುಮುರುಗು ಹಾಕಿಬಿಟ್ಟಿದ್ದಾಳೆ. ಕೆಂಪನ್ನು ಮತ್ತೆ ಮೇಲೆ ಹಾಕಿದಳು. ನಿಮಿಷಕ್ಕಾಗಿ ಕಾಯದೆ, ರಿಲೇಯನ್ನು ಬೆರಳಿನಿಂದಲೇ ಒತ್ತಿದಳು. ಟಕ್. ಇಪ್ಪತ್ತಮೂರು. ಕೆಂಪು ಕೆಳಗೆ. ಟಕ್. ಇಪ್ಪತ್ತನಾಲ್ಕು. ಮೇಲೆ, ಟಕ್. ಕೆಳಗೆ, ಟಕ್. ಮೇಲೆ, ಟಕ್. ಹತ್ತು ಇಪ್ಪತ್ತೇಳು.

ಈ ಗಡಿಯಾರಕ್ಕೆ ಒಂದು ನಿಮಿಷ ಕರೆಂಟು ಈ ಕಡೆಯಿಂದ ಬರಬೇಕು, ಮುಂದಿನ ನಿಮಿಷ ಆ ಕಡೆಯಿಂದ. ನಡೆಯುವವರು ಎಡಗಾಲು ಬಲಗಾಲು ಇಟ್ಟ ಹಾಗೆ. ತಾನು ಎರಡು ಗಂಟೆ ಅದಕ್ಕೆ ಎಡಗಾಲು ಎಡಗಾಲು ಎಂದು ಹೇಳುತ್ತ ಕೂತಿದ್ದಳು. ಬಲ್ಬಿಗೆ ಕರೆಂಟು ಯಾವ ಕಡೆಯಿಂದ ಬಂದರೂ ಒಂದೇ, ಅದು ಐದು ಸಂಜೆ ಹಲ್ಲು ಕಿರಿದು ಅವಳಿಗೆ ಟೋಪಿ ಹಾಕಿತ್ತು.

ಡೌಟಮ್ಮನಿಗೆ ಕೂಗಿಕೊಳ್ಳಬೇಕೆನ್ನಿಸಿತು. ಕೂಗಲಿಲ್ಲ, ಯಾಕೆಂದರೆ ಒಂದೇ ರಿಲೇಯಿಂದ ಕರೆಂಟಿನ ದಿಕ್ಕು ಬದಲಿಸಲಾಗದು. ದಿಕ್ಕು ಬದಲಿಸುವುದು ಯಾವುದು? ಮುಂದಕ್ಕೂ ಹಿಂದಕ್ಕೂ ಹೋಗುವುದು ಯಾವುದು? ಸ್ಟೂಲು ಬಿದ್ದ ಸದ್ದಿಗೆ ಮಾವ ತಿರುಗಿ ನೋಡುವಷ್ಟರಲ್ಲಿ ಅವಳು ಗೇಟು ದಾಟಿದ್ದಳು.

ಎರಡು ಬೀದಿ ಆಚೆ ಮನೆ. ಸೆರಗು ಸಿಕ್ಕಿಸಿಕೊಂಡು, ಚಪ್ಪಲಿ ಕೈಗೆ ತೆಗೆದುಕೊಂಡು ಓಡಿದಳು. ಹೊಲಿಗೆ ಅಂಗಡಿಯವನು ಏನಾಯ್ತಮ್ಮ ಅಂದ, ಅವಳಿಗೆ ಕೇಳಿಸಲಿಲ್ಲ. ಕಪಾಟಿನ ಮೇಲೆ ರಟ್ಟಿನ ಪೆಟ್ಟಿಗೆ, ಅದರೊಳಗೆ ತರಗತಿಯಲ್ಲಿ ಕಟ್ಟಿದ ಆಟದ ಕಾರು. ಅದಕ್ಕೆ ಮೇಷ್ಟ್ರು "ಸಾಧಾರಣ" ಎಂದು ಬರೆದಿದ್ದರು. ಕಾರಿನ ಚಕ್ರವನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸುವ ಕೆಂಪು ಮೋಟಾರ್ ಡ್ರೈವರ್ ಬೋರ್ಡು ಅದರ ಬೆನ್ನಿನ ಮೇಲಿತ್ತು. ಅಮ್ಮ ಏನೇನೋ ಕೇಳುತ್ತಿದ್ದರೆ, ಡೌಟಮ್ಮ ಕಾರನ್ನೇ ಕಂಕುಳಲ್ಲಿ ಇಟ್ಟುಕೊಂಡು ಮತ್ತೆ ಓಡಿದಳು.

ಅವಳು ಬಂದಾಗ ಮೂರು. ಮಂಡಿನೋವಿನ ಕತೆ ಎರಡನೇ ಆಪರೇಷನ್ನಿಗೆ ಬಂದಿತ್ತು. ಗುಜರಿಯವನು ಮಾತ್ರ ಎದ್ದು ನಿಂತಿದ್ದ.

ಡ್ರೈವರನ್ನು ಕಿತ್ತು ಪೆಟ್ಟಿಗೆಗೆ ಕೂರಿಸಲು ಹದಿನೈದು ನಿಮಿಷ ಹಿಡಿಯಿತು. ಪ್ರೋಗ್ರಾಮ್ ತಿದ್ದಲು ಇನ್ನೂ ಹದಿನೈದು. ಗಡಿಯಾರಗಳು ಹತ್ತು ಇಪ್ಪತ್ತೇಳು ತೋರಿಸುತ್ತಿವೆ ಎಂದು ಬೋರ್ಡಿಗೆ ತಿಳಿಸಬೇಕು. ನಿಜವಾದ ಸಮಯ ಅದಕ್ಕೆ ವೈಫೈಯಿಂದ ಗೊತ್ತು. ನಡುವಿನದನ್ನೆಲ್ಲ ಅದು ಸೆಕೆಂಡಿಗೊಂದು ಹೆಜ್ಜೆಯಂತೆ ಓಡಿ ಮುಗಿಸಬೇಕು, ಎಡ ಬಲ ಎಡ ಬಲ. ಬರೆದಳು, ಓದಿದಳು, ಮತ್ತೆ ಓದಿದಳು. ಮೂರನೆಯ ಸಲ ಓದುವಷ್ಟರಲ್ಲಿ ಮಾವ ಹಿಂದೆ ಬಂದು ನಿಂತಿದ್ದರು.

"ಇನ್ನೆಷ್ಟು ಸಲ ಓದ್ತೀಯಾ? ಅವನು ಏಣಿ ಕೇಳ್ತಿದ್ದಾನೆ."

"ತಪ್ಪಿದ್ರೆ, ಮಾವ?"

"ತಪ್ಪಿದ್ರೆ ತಪ್ಪುತ್ತೆ. ಒತ್ತು."

ಸಮಯ ಮೂರು ನಲವತ್ತೊಂದು. ಒತ್ತಿದಳು.

ಮೊದಲು ನೆತ್ತಿಯ ಮೇಲೆ ಟಕ್. ಆಮೇಲೆ ಅದು ನಿಲ್ಲಲೇ ಇಲ್ಲ. ಟಕ್, ಟಕ್, ಟಕ್. ಪಕ್ಕದ ಕೋಣೆಯಿಂದಲೂ ಅದೇ, ಲ್ಯಾಬಿನಿಂದಲೂ ಅದೇ, ಮಹಡಿಯ ಮೇಲಿಂದಲೂ ಅದೇ. ಖಾಲಿ ಕಾರಿಡಾರಿನ ತುಂಬ ಹನ್ನೊಂದು ಗಡಿಯಾರಗಳು ಒಂದೇ ತಾಳದಲ್ಲಿ ಓಡುತ್ತಿದ್ದವು. ಡೌಟಮ್ಮ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಓಡಿ ಇಣುಕಿದಳು. ಎಲ್ಲ ಕಡೆ ಮುಳ್ಳು ಕುಣಿಯುತ್ತಿದೆ, ಗಾಜಿನ ಹಿಂದೆ ಧೂಳು ಉದುರುತ್ತಿದೆ. ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮಾವ ಕಾರಿಡಾರಿನ ಗಡಿಯಾರದ ಕೆಳಗೆ ಸೆಟೆದು ನಿಂತು, ಅಭ್ಯಾಸಬಲದಿಂದ ಕೂಗತೊಡಗಿದ್ದರು. ಮೊದಲನೇ ಪೀರಿಯಡ್ ಮುಗಿಯಿತು. ಎರಡನೆಯದೂ ಮುಗಿಯಿತು, ನಮ್ಮ ಟೀಚರುಗಳಿಗೆ ಪಾಠ ಮುಗಿಸಲು ಎಲ್ಲಿ ಟೈಮು ಸಿಕ್ಕಿತು? ಊಟಕ್ಕೆ ಬಿಟ್ಟರು, ಡಬ್ಬಿ ತೆಗೆಯುವುದರೊಳಗೆ ಮತ್ತೆ ಕ್ಲಾಸು. ಗುಜರಿಯವನು ಚೀಲ ಕೆಳಗಿಟ್ಟು, ಬಾಯಿ ತೆರೆದು ಮೇಲೆ ನೋಡುತ್ತಿದ್ದ. ಸದ್ದು ಕೇಳಿ ಸ್ಟಾಫ್‌ರೂಮಿನಲ್ಲಿದ್ದ ನಾಲ್ಕೈದು ಜನ ಟೀಚರುಗಳು ಹೊರಗೆ ಬಂದರು. ಕೊನೆಗೆ ದೊಡ್ಡಮೇಡಂ ಬಂದರು. ಎರಡೂವರೆ ಹೋಯಿತು, ಮೂರು ಹೋಯಿತು, ಮೂರೂವರೆ, ಮೂರು ನಲವತ್ತು. ಇನ್ನೂ ಓಡುತ್ತಲೇ ಇದೆ. ಡೌಟಮ್ಮ ಪೆಟ್ಟಿಗೆಯ ಕಡೆ ಓಡಿದಳು. ನಿಲ್ಲದಿದ್ದರೆ? ಹೀಗೇ ನಾಳೆ, ನಾಡಿದ್ದು, ಮುಂದಿನ ವರ್ಷಕ್ಕೆ ಓಡಿಬಿಟ್ಟರೆ?

ಮೂರು ನಲವತ್ತಾರು. ನಿಂತಿತು.

ಆ ನಿಶ್ಶಬ್ದದಲ್ಲಿ ಎಲ್ಲರೂ ತಮ್ಮ ತಮ್ಮ ಕೈಗಡಿಯಾರ, ಫೋನು ನೋಡಿಕೊಂಡರು. ಮೂರು ನಲವತ್ತಾರು. ಮತ್ತೆ ಎಲ್ಲರೂ ತಲೆ ಎತ್ತಿದರು. ಸುಮಾರು ಹೊತ್ತಿನ ಮೇಲೆ, ಅವಸರವಿಲ್ಲದೆ, ಟಕ್. ಮೂರು ನಲವತ್ತೇಳು.

ದೊಡ್ಡಮೇಡಂ ಆ ಬೋರ್ಡನ್ನು ಬಗ್ಗಿ ನೋಡಿ, ಇಷ್ಟೇನಾ ಎಂದು ಕೇಳಿದರು. ಇಷ್ಟೇ ಮೇಡಂ ಅಂದಳು. ಕರೆಂಟು ಹೋದರೆ ಎಂದು ಅವರು ಕೇಳುವ ಮೊದಲೇ, ಕರೆಂಟು ಹೋದರೂ ಮುಳ್ಳು ಎಲ್ಲಿತ್ತೆಂದು ಅದು ನೆನಪಿಟ್ಟುಕೊಳ್ಳುತ್ತದೆ, ವೈಫೈ ಹೋದರೂ ತಾನೇ ಎಣಿಸುತ್ತದೆ ಎಂದು ಒಂದೇ ಉಸಿರಿಗೆ ಹೇಳಿದಳು. ದೊಡ್ಡಮೇಡಂ ಗುಜರಿಯವನ ಕಡೆ ತಿರುಗಿ, ನಿನಗೆ ಸುಮ್ಮನೆ ತೊಂದರೆ ಕೊಟ್ಟೆವು ಅಂದರು. ಅವನು, ತೊಂದರೆ ಏನಿಲ್ಲ, ಆದರೆ ಆ ಮಂಡಿನೋವಿನ ಕತೆ ಮಾತ್ರ ಬೇಡವಾಗಿತ್ತು ಅಂದ.

ಎಲ್ಲರೂ ನಗುತ್ತಿದ್ದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಡೌಟಮ್ಮ ಸ್ಟಾಫ್‌ರೂಮಿನ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಳು. ಒಳಗಿನ ಗಡಿಯಾರ ಮೂರು ನಲವತ್ತಾರು ತೋರಿಸುತ್ತಿತ್ತು. ಕಾರಿಡಾರಿನದು ನಲವತ್ತೇಳು. ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಯಾರೂ ನೋಡುತ್ತಲೂ ಇರಲಿಲ್ಲ.

"ಮೇಡಂ, ಇದೊಂದು ಒಂದು ನಿಮಿಷ ಹಿಂದಿದೆ."

ನಗು ನಿಂತಿತು. ಹೋದ ವರ್ಷ ಗೋಡೆಗೆ ಬಣ್ಣ ಬಳಿದವರು ಇದನ್ನು ಇಳಿಸಿ ಮತ್ತೆ ಹಾಕುವಾಗ ತಂತಿ ತಿರುಗಿಸಿ ಹಾಕಿರಬೇಕು, ಅದಕ್ಕೇ ಮೊದಲ ಹೆಜ್ಜೆ ಇದಕ್ಕೆ ತಪ್ಪಿಹೋಗಿದೆ, ಆಮೇಲಿನದನ್ನೆಲ್ಲ ಸರಿಯಾಗಿಯೇ ಇಟ್ಟಿದೆ ಎಂದು ಅವಳು ತೊದಲುತ್ತ ವಿವರಿಸಿದಳು.

"ಬಿಡಮ್ಮ," ಅಂದರು ದೊಡ್ಡಮೇಡಂ. "ಸ್ಟಾಫ್‌ರೂಮಿಂದ ಯಾರು ಯಾವತ್ತು ಸರಿಯಾದ ಟೈಮಿಗೆ ಹೊರಗೆ ಬಂದಿದಾರೆ?"

ಟೀಚರುಗಳು ಹೌದೆಂದೂ ಅಲ್ಲವೆಂದೂ ಒಟ್ಟಿಗೆ ಮಾತಾಡತೊಡಗಿದರು. ಡೌಟಮ್ಮ ಬಿಡಲಿಲ್ಲ. ಗುಜರಿಯವನು ಆಸೆಯಿಂದ ತರಿಸಿಕೊಂಡಿದ್ದ ಏಣಿ ಗೋಡೆಗೆ ಒರಗಿ ನಿಂತಿತ್ತು. ಅದನ್ನೇ ತಂದು ಹತ್ತಿ ಗಾಜು ತೆರೆದಳು. ಕೆಳಗೆ ಏಣಿ ಹಿಡಿದವನು ಅವನೇ. ಬೆರಳ ತುದಿಯಿಂದ ಮುಳ್ಳನ್ನು ಒಂದೇ ಒಂದು ಗೆರೆ ಮುಂದೆ ತಳ್ಳಿ, ಕೈ ಹಿಂದೆ ತೆಗೆದು, ಕಾರಿಡಾರಿನ ಕಡೆ ಕಿವಿಯಿಟ್ಟಳು.

"ಮಾವ, ಅಲ್ಲೆಷ್ಟು?"

"ನಲವತ್ತೆಂಟು. ಅಲ್ಲೆಷ್ಟು?"

"ನಲವತ್ತೆಂಟೇ. ತಾಳಿ, ಮುಂದಿನದೂ ನೋಡ್ಬಿಡೋಣ."