ಬೆನಕಪ್ಪನ ಕಡೆಯ ರೀಲು

ಪ್ರೇಮದ ಮಾತು ಬಂದಾಗಲೆಲ್ಲ ಬೆನಕಪ್ಪನಿಗೆ ಕೆಮ್ಮು ಬರುತ್ತಿತ್ತು. ಟೂರಿಂಗ್ ಟಾಕೀಸಿನ ತೆರೆಯ ಪಕ್ಕದಲ್ಲಿ ನಿಂತು, ತಗಡಿನ ತುತ್ತೂರಿಯನ್ನು ಬಾಯಿಗಿಟ್ಟುಕೊಂಡು, ಹಿಂದಿ ಚಿತ್ರಗಳ ಕಥೆಯನ್ನು ಕನ್ನಡದಲ್ಲಿ ಹೇಳುವುದು ಅವನ ಉದ್ಯೋಗ. ಕಳ್ಳತನ, ಹೊಡೆದಾಟಗಳಲ್ಲಿ ಗುಡುಗಿನಂತೆ ಮೊಳಗುತ್ತಿದ್ದ ಆ ಕಂಠ, ನಾಯಕನು ನಾಯಕಿಯ ಕೈ ಹಿಡಿದನೋ ಇಲ್ಲವೋ, ಖೊಕ್ ಖೊಕ್ ಎಂದು ಸೋತುಬಿಡುತ್ತಿತ್ತು. ಮುಂದಿನದನ್ನು ಪ್ರೇಕ್ಷಕರು ತಾವೇ ಊಹಿಸಿಕೊಳ್ಳಬೇಕು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳನ್ನು ಸುತ್ತಿಕೊಂಡು ಆ ಡೇರೆ ವರ್ಷಕ್ಕೊಮ್ಮೆ ಜಗಳೂರಿಗೆ ಬರುತ್ತಿತ್ತು. ನಾನಾಗ ಅಲ್ಲಿ ಮಿಡ್ಲ್ ಸ್ಕೂಲಿನ ಮೇಷ್ಟ್ರು. ತನ್ನ ನೆರಳು ತೆರೆಯ ಮೇಲೆ ಬೀಳಬಾರದೆಂದು ವರ್ಷಾನುಗಟ್ಟಲೆ ಬಗ್ಗಿ ಓಡಾಡಿದ ಬೆನಕಪ್ಪ, ಹಾಡಹಗಲು ಪೇಟೆಯಲ್ಲೂ ಹಾಗೇ ಬಗ್ಗಿ ನಡೆಯುತ್ತಿದ್ದ. ಮೈಮೇಲೆ ಯಾವುದೋ ಬ್ಯಾಂಡಿನವರು ಬಿಸುಟ ಕೆಂಪು ಕೋಟು, ಅದರಲ್ಲಿ ಉಳಿದದ್ದು ಒಂದೇ ಹಿತ್ತಾಳೆಯ ಗುಂಡಿ. ಸುಳ್ಳು ಹೇಳುವಾಗ ಅವನ ಬೆರಳು ಆ ಗುಂಡಿಯನ್ನು ತಿರುವುತ್ತಿತ್ತು. ಆಟ ಮುಗಿಯುವವರೆಗೂ ಅದು ತಿರುಗುತ್ತಲೇ ಇರುತ್ತಿತ್ತೆನ್ನಿ, ಏಕೆಂದರೆ ಆ ಮಹಾನುಭಾವನಿಗೆ ಹಿಂದಿ ಒಂದಕ್ಷರವೂ ಬರುತ್ತಿರಲಿಲ್ಲ! ನನಗೆ ಅಲ್ಪಸ್ವಲ್ಪ ಬರುತ್ತದೆಂದು ತಿಳಿದ ದಿನ ಅವನು ಶಾಲೆಯ ತನಕ ನಡೆದುಬಂದ.

“ಮೇಷ್ಟ್ರೇ, ನಿಮಗೆ ತಿಳಿದಿದ್ದು ನಿಮ್ಮ ಹೊಟ್ಯಾಗೇ ಇರ್ಲಿ. ಜನ ನಗ್ತಾರೋ ಇಲ್ವೋ, ಅಷ್ಟು ನೋಡ್ರಿ.”

ಜನ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಯುದ್ಧದ ಎರಡನೆಯ ವರ್ಷ ಬಂದ ಚಿತ್ರವಂತೂ ಅವನಿಗೆಂದೇ ಮಾಡಿಸಿದಂತಿತ್ತು. ವಜ್ರದ ಹಾರ ಕದಿಯಲು ಕಳ್ಳನೊಬ್ಬ ಅಡುಗೆಯವನ ವೇಷದಲ್ಲಿ ಜಮೀನ್ದಾರನ ಮನೆ ಹೊಗುತ್ತಾನೆ. ಹಾರಕ್ಕೆ ಕೈ ಹಾಕುವ ಮೊದಲೇ ಮನೆಮಗಳಿಗೆ ಮನಸೋಲುತ್ತಾನೆ. ಆ ಕಳ್ಳನನ್ನು ಬೆನಕಪ್ಪ ಪ್ರತಿ ಊರಿನಲ್ಲೂ ಪಕ್ಕದ ಊರಿನವನನ್ನಾಗಿ ಮಾಡುತ್ತಿದ್ದ.

ಆದರೆ ಆ ವರ್ಷ ಅವನ ಕೆಮ್ಮು ವಿಪರೀತವಾಗಿತ್ತು. ಕಾರಣ ಬೊಮ್ಮಕ್ಕ. ಗಂಡಸಿನ ಕೈಗೆ ಟಿಕೀಟು ಕೊಡಲು ಹೆಂಗಸರು ಸಂಕೋಚಪಡುತ್ತಿದ್ದುದರಿಂದ ಹೆಂಗಸರ ಬಾಗಿಲಿಗೆ ಊರವಳೇ ಒಬ್ಬಳು ಇರುತ್ತಿದ್ದಳು. ಜಗಳೂರಿನಲ್ಲಿ ಅವಳೇ ಬೊಮ್ಮಕ್ಕ, ಕುರಿ ಸಾಕುವ ದುರುಗಪ್ಪನ ತಂಗಿ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಮೂರು ವರ್ಷದಿಂದ ಬೆನಕಪ್ಪ ಅವಳ ಮುಂದೆ ಸುಳಿದಾಡಿ, ಕೆಮ್ಮಿ, ವಾಪಸಾಗುತ್ತಿದ್ದ. ಕುಲ ಒಂದೇ, ಬೆಡಗು, ಅಂದರೆ ಗೋತ್ರ, ಬೇರೆ. ಕೂಡಿಕೆ ಎಂಬ ಮರುಮದುವೆಗೆ ಅಡ್ಡಿಯೇ ಇರಲಿಲ್ಲ. ಇಲ್ಲದ್ದು ಬಾಯಿ! ಇತ್ತ ದುರುಗಪ್ಪ ಮುಂದಿನ ಸೋಮವಾರ ಅವಳನ್ನು ವಯಸ್ಸಾದ ವರನೊಬ್ಬನಿಗೆ ಕೂಡಿಕೆ ಮಾಡಿಕೊಡಲು ಮಾತಾಡಿದ್ದ. ಡೇರೆ ಶುಕ್ರವಾರವೇ ಕೀಳುವುದಿತ್ತು.

ಕಡೆಯ ರೀಲೇ ಇಲ್ಲದಿದ್ದರೆ ಮಾಲೀಕ ನಾಗೇಂದ್ರಪ್ಪನವರು ಅದು ಸಿಗುವ ತನಕ ಹೊರಡಲಾರರು, ಅಷ್ಟರಲ್ಲಿ ಹೇಗಾದರೂ ಬಾಯಿಬಿಟ್ಟೇನು, ಎಂದು ಬೆನಕಪ್ಪ ಎಣಿಸಿದ. ಗುರುವಾರ ಮಧ್ಯಾಹ್ನ ರೀಲಿನ ಡಬ್ಬಿಯನ್ನು ಕೋಟಿನೊಳಗೆ ಅವುಚಿಕೊಂಡು ಹೊರಟ. ಪಕ್ಕದ ಚಿಕ್ಕಹನುಮಂತಪ್ಪನವರ ಕಣದಲ್ಲಿ ಆಳುದ್ದದ ಒಣ ಗುಂಡಿ, ತಳಕ್ಕೆ ಹುಲ್ಲು. ಚನ್ನಗಿರಿಯ ನೀರಾವರಿ ಸೀಮೆಯವನು ಪಾಪ, ಅವನ ಕಡೆ ಕಾಳನ್ನು ಕಣಜಕ್ಕೆ ತುಂಬುತ್ತಾರೆ. ಇದು ಜೋಳ ತುಂಬುವ ಹಗೇವು ಎಂದು ಅವನಿಗೇನು ಗೊತ್ತು? ಡಬ್ಬಿಯನ್ನು ಹುಲ್ಲಿನಡಿ ಸೇರಿಸಿ ಬಂದ. ಎರಡು ತಾಸು ಬಿಟ್ಟು ಬಗ್ಗಿ ನೋಡಲು ಹೋದರೆ ಮೂವತ್ತು ಚೀಲ ಜೋಳ ಸುರಿದು, ಮೇಲೆ ಚಪ್ಪಡಿ ಎಳೆದು, ಮಣ್ಣು ಮೆತ್ತಿ, ಪೂಜೆಯೂ ಆಗಿಹೋಗಿತ್ತು.

ಸಂಜೆ ಡೇರೆ ತುಂಬಿತ್ತು. ಕಡೆಯ ರೀಲಿಲ್ಲವೆಂದು ತಿಳಿದು ನಾಗೇಂದ್ರಪ್ಪನವರು ತಲೆ ಚಚ್ಚಿಕೊಂಡರು. “ಬಾಯಾಗೆ ಹೇಳ್ತೀನಿ ಸಾವ್ಕಾರ್ರೇ, ಬರೇ ಬೆಳಕು ಬಿಡ್ರಿ,” ಎಂದ ಬೆನಕಪ್ಪ.

ಖಾಲಿ ತೆರೆಯ ಮೇಲೆ ಬೆಳಕು ಬಿತ್ತು. ಅವನು ತುತ್ತೂರಿಯನ್ನು ನೆಲಕ್ಕಿಟ್ಟ. ನಾನು ಕಂಡಂತೆ ಮೊದಲ ಸಲ ನೆಟ್ಟಗೆ ನಿಂತ. ಅವನ ನೆರಳು ತೆರೆಯ ತುಂಬ ಎದ್ದಿತು.

“ಕಳ್ಳ ಹೇಳ್ತಾನೆ,” ಎಂದ, ಸಣ್ಣ ದನಿಯಲ್ಲಿ. “ಹೌದು, ನಾನು ಕದ್ದೆ. ನೀನು ಇನ್ನೆರಡು ದಿನ ಕಣ್ಮುಂದೆ ಇರ್ತೀಯ ಅಂತ ಕದ್ದೆ. ನನಗೆ ಹೊಲ ಇಲ್ಲ, ಮನಿ ಇಲ್ಲ, ಒಂದೂರು ಅಂತ ಇಲ್ಲ. ಇರೋದು ಬಾಯಿ ಒಂದೇ, ಅದೂ ನಿನ್ನ ಮುಂದೆ ಬೀಗ ಬೀಳ್ತೈತೆ. ನಿನ್ನ ಬಿಟ್ಟು ಹೋಗಾಕೆ ನನ್ನಿಂದ ಆಗಲ್ಲ. ಬರ್ತೀಯಾ?”

ಕೆಮ್ಮು ಬರಲಿಲ್ಲ. ಆಗ ಮುಂದಿನ ಸಾಲಿನಲ್ಲಿದ್ದ ದುರುಗಪ್ಪ, ಕಂಬಳಿಯಿಂದ ಕಣ್ಣೊರೆಸಿಕೊಳ್ಳುತ್ತ, ತಡೆಯಲಾರದೆ ಎದ್ದು ಕೂಗಿದ: “ಕೊಟ್ಟುಬಿಡ್ರೋ ಆ ಹುಡುಗೀನ ಅವನಿಗೆ! ಕಳ್ಳ ಆದ್ರೇನು, ಮನಸು ಚಲೋ ಐತೆ!”

ಹೆಂಗಸರ ಪರದೆಯ ಹಿಂದಿನಿಂದ ದನಿ ಬಂತು. “ಅಣ್ಣಾ, ಹತ್ತು ಮಂದಿ ಮುಂದೆ ಆಡಿದ ಮಾತು. ಹಿಂದಕ್ಕೆ ತಗಾಬ್ಯಾಡ.”

ಬೊಮ್ಮಕ್ಕ! ಕಳ್ಳನೆಂದರೆ ಯಾರು, ಹುಡುಗಿಯೆಂದರೆ ಯಾರು ಎಂದು ಜನಕ್ಕೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಎದ್ದ ಗದ್ದಲಕ್ಕೆ ಡೇರೆಯ ಕಂಬಗಳೇ ಅಲುಗಿದವು. ದುರುಗಪ್ಪ ಬಾಯಿ ತೆರೆದುಕೊಂಡೇ ಕುಸಿದು ಕೂತ. “ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು, ದುರುಗಪ್ಪ,” ಎಂದು ಚಿಕ್ಕಹನುಮಂತಪ್ಪನವರು ಅವನ ಬೆನ್ನು ತಟ್ಟಿದರು. ರೀಲು ತಮ್ಮ ಹಗೇವಿನಲ್ಲೇ ಇದೆಯೆಂದು ಬೆನಕಪ್ಪನ ಬಾಯಿಂದಲೇ ತಿಳಿದಾಗ ಮಾತ್ರ ಅವರ ಮುಖ ಬಿಗಿಯಿತು. “ಪೂಜೆ ಮಾಡಿ ಮುಚ್ಚಿದ ಬಾಯಿ ಅದು. ಸಿನಿಮಾಕ್ಕೆ ಅಂತ ತೆಗೆಯಾಕೆ ಬರಲ್ಲ.” ನಾಗೇಂದ್ರಪ್ಪನವರಿಗೂ ಚಿಂತೆಯಿರಲಿಲ್ಲ, ಬಾಯಿಮಾತಿನ ಕಡೆಯ ರೀಲನ್ನು ಕೇಳಲು ಇನ್ನೂ ನಾಲ್ಕು ದಿನ ಜನ ಮುಗಿಬಿದ್ದರು. ಸೋಮವಾರದ ಮುಹೂರ್ತ ಸುಮ್ಮನೆ ಹೋಗಲಿಲ್ಲ, ವರ ಮಾತ್ರ ಬದಲಾದ.

ಕಾರ್ತಿಕದಲ್ಲಿ ಹಗೇವು ತೆಗೆದರು. ಡಬ್ಬಿಯನ್ನು ನಾನೇ ಬಸ್ಸಿನಲ್ಲಿ ಹೊನ್ನಾಳಿಗೆ ಒಯ್ದೆ, ಅಂದಿನ ಆಟಕ್ಕೂ ಕೂತೆ. ನಿಜವಾದ ಕಡೆಯ ರೀಲಿನಲ್ಲಿ ಪೊಲೀಸರು ಕಳ್ಳನ ಕೈಗೆ ಬೇಡಿ ಹಾಕಿ ಕರೆದೊಯ್ಯುತ್ತಾರೆ, ಹುಡುಗಿ ಬಾಗಿಲಲ್ಲಿ ಅಳುತ್ತ ನಿಲ್ಲುತ್ತಾಳೆ. ಅಷ್ಟರಲ್ಲಿ ಬೆನಕಪ್ಪನ ತುತ್ತೂರಿ ಮೊಳಗಿತು: “ನೋಡ್ರಪ್ಪಾ, ದಿಬ್ಬಣದವರು ಬಂದ್ರು! ಮದುಮಗನ ಕೈಗೆ ಕಂಕಣ ಕಟ್ಯಾರೆ! ಮದುಮಗಳಿಗೆ ಸಂತೋಷಕ್ಕೆ ಕಣ್ಣೀರು ಬಂದೈತೆ!” ಹೆಂಗಸರ ಬಾಗಿಲಲ್ಲಿ ಬೊಮ್ಮಕ್ಕ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಈಗ ಚಿತ್ರಗಳು ನಮ್ಮ ಭಾಷೆಯನ್ನೇ ಆಡುತ್ತವೆ, ಪಕ್ಕದಲ್ಲಿ ನಿಂತು ಹೇಳುವವರು ಯಾರಿಗೂ ಬೇಕಿಲ್ಲ. ಆ ಕುಲವೇ ಅಳಿಯಿತೆಂದು ನನಗೆ ನಿಜಕ್ಕೂ ದುಃಖವಾಗುತ್ತದೆ. ಕಂಡದ್ದನ್ನು ಕಂಡಂತೆ ಹೇಳುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಬೇಡಿಯನ್ನು ಕಂಕಣವೆಂದು ಹೇಳಿ ನಂಬಿಸುವುದಕ್ಕೆ, ಒಮ್ಮೆ ಅದು ತನ್ನ ಬಾಳಿನಲ್ಲೇ ನಿಜವಾಗಿರಬೇಕು. ಹೊನ್ನಾಳಿಯ ಆ ಸಂಜೆ ನಾನು ಅವನ ಕೋಟನ್ನೇ ನೋಡುತ್ತಿದ್ದೆ. ಬೆನಕಪ್ಪ ಗುಂಡಿಯನ್ನು ತಿರುವಲಿಲ್ಲ.