ಬರುವ ಏಪ್ರಿಲ್‌ನಲ್ಲಿ ಇದೇ ಹೊತ್ತಿಗೆ

೧

ಎಲ್ಲಿಂದ ಶುರು ಮಾಡಲಿ? ವ್ಯಾಕರಣದಿಂದ ಶುರು ಮಾಡಿದರೆ ನೀವು ಎದ್ದು ಹೋಗುತ್ತೀರಿ. ಕುರಿಗಳಿಂದ ಮಾಡಿದರೆ ವ್ಯಾಕರಣ ಎದ್ದು ಹೋಗುತ್ತದೆ. ಇರಲಿ, ಅಡುಗೆಮನೆಯ ಮೇಜಿನಿಂದ ಮಾಡುತ್ತೇನೆ. ಅಲ್ಲಿ ಎರಡೂ ಇವೆ.

೨

ಇಂಗ್ಲೆಂಡಿನ ಯಾರ್ಕ್‌ಷೈರಿನ ಗುಡ್ಡದ ಮೇಲಿರುವ ಎಡ್ಗರ್ ರೇಸ್ಟ್ರಿಕ್‌ಗೆ ಎಪ್ಪತ್ತೊಂದು. ಮುನ್ನೂರು ಕುರಿ, ಒಂದು ಕೆಟ್ಟ ಮಂಡಿ. ರೊಮೇನಿಯಾದ ಇಲಿಂಕಾ ಎರಡು ವರ್ಷದಿಂದ ಅವನ ಹಟ್ಟಿಯಲ್ಲಿ ಕೆಲಸಕ್ಕಿದ್ದಾಳೆ. ಮಾರ್ಚ್ ಕೊನೆಗೆ ಅವಳ ಕರಾರು ಮುಗಿಯುತ್ತದೆ. ಎಡ್ಗರನ ಅಕ್ಕ ಹಿಲ್ಡಾ ನಿವೃತ್ತ ಟೀಚರು. ಮಂಗಳವಾರ ಸಂಜೆ ಬಂದು ಆ ಮೇಜಿನ ಮುಂದೆ ಕೂತು ಇಲಿಂಕಾಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ. ಅಕ್ಟೋಬರಿನ ಆ ಮಂಗಳವಾರದ ಪಾಠ ಫ್ಯೂಚರ್ ಕಂಟಿನ್ಯುವಸ್.

"ನಾಳೆ ಉಣ್ಣೆ ಕತ್ತರಿಸ್ತೀನಿ ಅನ್ನೋದು ಬೇರೆ. ನಾಳೆ ನೀನು ಬರೋ ಹೊತ್ತಿಗೆ ಕತ್ತರಿಸ್ತಾ ಇರ್ತೀನಿ ಅನ್ನೋದು ಬೇರೆ. ಕೆಲಸದ ಮಧ್ಯದಲ್ಲಿ ನಿಂತಿರ್ತೀನಿ, ತಿಳೀತಾ?" ಎಂದಳು ಹಿಲ್ಡಾ. "ಇನ್ನೊಂದು ಉಪಯೋಗ ಇದೆ. ‘ವಿಲ್ ಯು ಸ್ಟೇ?’ ಅಂದ್ರೆ ಕೈ ಹಿಡಿದು ಎಳೆದ ಹಾಗೆ. ‘ವಿಲ್ ಯು ಬಿ ಸ್ಟೇಯಿಂಗ್?’ ಅಂದ್ರೆ ಎಳೆಯೋದಿಲ್ಲ. ನೀನಾಗಿ ಏನು ಅಂದ್ಕೊಂಡಿದೀಯೋ ಅಷ್ಟು ಹೇಳಮ್ಮ ಅಂತ. ಎಲ್ಲಿ, ಬರುವ ಏಪ್ರಿಲ್‌ನಲ್ಲಿ ಇದೇ ಹೊತ್ತಿಗೆ ಏನು ಮಾಡ್ತಾ ಇರ್ತೀಯಾ?"

"ಲಿಂಕನ್‌ಷೈರ್‌ನಲ್ಲಿ ಟೊಮೆಟೊ ಕೀಳ್ತಾ ಇರ್ತೀನಿ."

"ಭೇಷ್! ಒಂದು ತಪ್ಪಿಲ್ಲ."

ಒಲೆಯ ಪಕ್ಕ ಕೂತಿದ್ದ ಎಡ್ಗರ್ ಪತ್ರಿಕೆಯ ಪುಟ ತಿರುವಿದ. ಏಪ್ರಿಲ್ ಎಂದರೆ ಕುರಿ ಈಯುವ ತಿಂಗಳು. ಅವಳಿಲ್ಲದೆ, ಈ ಮಂಡಿ ಹೊತ್ತುಕೊಂಡು, ಅವನಿಂದಾಗದು. ಆಗದಿದ್ದರೆ ಹಿಂಡನ್ನೇ ಮಾರಬೇಕು.

೩

(ಇಲ್ಲಿ ಒಂದು ಕರಡು ಹರಿದು ಹಾಕಿದೆ. ಅದರಲ್ಲಿ ಎಡ್ಗರ್ ಪತ್ರಿಕೆ ಕೆಳಗಿಟ್ಟು "ಹೋಗಬೇಡ" ಎನ್ನುತ್ತಿದ್ದ. ಈ ಕಣಿವೆಯಲ್ಲಿ ಹಾಗೆ ಅಂದವರನ್ನು ನಾನು ಕಂಡಿಲ್ಲ. "ಅವಳನ್ನ ಒಂದು ಮಾತು ಕೇಳೋ ಮಾರಾಯ" ಎಂದು ಅವನನ್ನೇ ಗೋಗರೆದೆ. "ಕೇಳಿದ್ರೆ ಪಾಪ, ಇಲ್ಲ ಅನ್ನೋಕೆ ಅವಳಿಗೆ ಕಷ್ಟ. ನೀನು ಬರಿಯೋನು, ಬರಿ" ಎಂದ.)

೪

ಕೇಳುವ ಬದಲು ಅವನು ಮಾಡಿದ್ದು ಇದು. ಈ ಕಡೆ ನವೆಂಬರ್ ಐದರ ಸುಮಾರಿಗೆ ಟಗರುಗಳ ಎದೆಗೆ ಕೆಂಪು ಬಣ್ಣ ಮೆತ್ತಿ ಹಿಂಡಿಗೆ ಬಿಡುತ್ತಾರೆ. ಟಗರು ಹಾರಿ ಬೆನ್ನಿಗೆ ಬಣ್ಣ ಹತ್ತಿದ ಕುರಿ ನೂರನಲವತ್ತೇಳು ದಿನಕ್ಕೆ, ಹುಲ್ಲು ಚಿಗುರುವ ಹೊತ್ತಿಗೆ, ಈಯುತ್ತದೆ. ಎಡ್ಗರ್ ಅಕ್ಟೋಬರ್ ಇಪ್ಪತ್ತಕ್ಕೇ ಬಿಟ್ಟ. ಯಾರಿಗೂ ಹೇಳಲಿಲ್ಲ.

ಮಾರನೆಯ ಮಧ್ಯಾಹ್ನ ಮೇಲಿನ ಬಯಲಿಗೆ ಹೋದ ಇಲಿಂಕಾ ಕೆಂಪು ಬೆನ್ನುಗಳನ್ನು ಕಂಡಳು. ಬೆರಳು ಮಡಿಸಿ ತಿಂಗಳು ಎಣಿಸಿದಳು. ದಡದಡ ಇಳಿದು ಬಂದಳು.

"ಮಾರ್ಚ್ ಹದಿನಾರಕ್ಕೆ ಈದ್ರೆ ಮರಿ ಹಿಮದಲ್ಲಿ ಬೀಳ್ತವೆ! ತಲೆ ನೆಟ್ಟಗಿದೆಯಾ ಎಡ್ಗರ್ ನಿಮಗೆ?"

"ಮಾರ್ಚ್ ಆದ್ರೆ ನೀನಿರ್ತೀಯಲ್ಲ."

"ಏಪ್ರಿಲ್‌ನಲ್ಲಿ ಇರಲ್ಲ ಅಂತ ನಿಮಗೆ ಹೇಳಿದ್ನಾ?"

"ಟೊಮೆಟೊ ಅಂದ್ಯಲ್ಲ."

"ಹಿಲ್ಡಾ ಕೇಳಿದ್ರು, ಟೊಮೆಟೊ ಅಂದೆ. ನೀವು ಕೇಳಿದ್ರಾ? ಇಷ್ಟು ಮರಿ ಸಾಯಿಸೋಕೆ ತಯಾರು, ಬಾಯಿ ಬಿಡೋಕೆ ಮಾತ್ರ ಆಗಲ್ಲ!"

ಎಡ್ಗರ್ ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡ. ಎದುರಿನ ಕಲ್ಲುಗೋಡೆಯನ್ನೇ ವಿಚಾರಿಸುವವನಂತೆ ಮೆಲ್ಲಗೆ ಅಂದ: "ಏಪ್ರಿಲ್‌ನಲ್ಲಿ... ವಿಲ್ ಯು ಬಿ ಸ್ಟೇಯಿಂಗ್, ಹುಡುಗಿ?"

"ಮೊದಲು ಟಗರು ಹಿಡೀರಿ," ಎಂದಳು ಇಲಿಂಕಾ.

೫

ಮುಕ್ತಾಯ ಒಂದು: ಉಳಿಯುತ್ತಾಳೆ. (ನಿಮಗಿಷ್ಟ, ಗೊತ್ತು.) ಮುಕ್ತಾಯ ಎರಡು: ಟೊಮೆಟೊ ತೋಟಕ್ಕೆ ಹೋಗುತ್ತಾಳೆ, ಹಿಂಡು ಮಾರಾಟ. (ವಿಮರ್ಶಕರಿಗಿಷ್ಟ.) ಎರಡರಲ್ಲಿ ಯಾವುದೆಂದು ಇಲಿಂಕಾಳನ್ನೇ ಕೇಳಿದೆ.

"ಕೇಳೋಕೆ ಅವರಿಗೆ ಎರಡು ವರ್ಷ ಬೇಕಾಯ್ತು. ನನಗೆ ಎರಡು ದಿನ ಬೇಡ್ವಾ? ನಿಮಗ್ಯಾಕೆ ಅವಸರ?" ಎಂದು ಬೇಲಿಬಾಗಿಲು ಹಾಕಿಕೊಂಡಳು.

ಟಗರುಗಳೇನೋ ದೊಡ್ಡಿ ಸೇರಿದವು. ಆದರೆ ಆ ಒಂದು ದಿನದಲ್ಲಿ ಹನ್ನೊಂದು ಕುರಿಗಳಿಗೆ ಬಣ್ಣ ಹತ್ತಿಬಿಟ್ಟಿತ್ತು. ಅವನ್ನು ಬೇರೆ ಮಾಡಿ, ಅವಳು ಹಿಂದೆ, ಅವನು ಕುಂಟುತ್ತ ಮುಂದೆ, ಮನೆಯ ಹಿಂದಿನ ಬಯಲಿಗೆ ಹೊಡೆದುಕೊಂಡು ಹೋದರು. ಮಾರ್ಚ್ ಹದಿನಾರರ ಹೊತ್ತಿಗೆ, ಹಿಮ ಬೀಳಲಿ ಬಿಡಲಿ, ಅವಳು ಯಾವ ಉತ್ತರ ಕೊಟ್ಟಿರಲಿ, ನಾನು ಈ ಕಥೆ ಮುಗಿಸಿರಲಿ ಬಿಡಲಿ, ಆ ಹನ್ನೊಂದು ಈಯುತ್ತಿರುತ್ತವೆ.